ಒಂಬತ್ತು ಮೆಟ್ಟಿಲು

ಬಾನ್ ನಾಖಾಮ್
ಬುದ್ಧವರ್ಷ ೨೫೪೬, ಡಿಸೆಂಬರ್ ೨೦

ತಂಗಿ ವಿಲೈಗೆ,

ನಿನ್ನ ಅಕ್ಕ ಲಮ್ದುವನ್ ಬರೆಯುತ್ತಿರುವುದು. ನದಿಯಾಚೆ ನೀನೂ ನಿನ್ನ ಗಂಡನೂ ಮೊಮ್ಮಕ್ಕಳೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬಲಗೈ ಬರೆಯಲು ತಯಾರಾಗಿಯೇ ಇತ್ತು, ಕಾಗದ ಒತ್ತಿ ಹಿಡಿಯಬೇಕಾದ ಎಡಗೈ ಮಾತು ಕೇಳಲಿಲ್ಲ. ಈಗ ಅದರ ಬದಲು ಸುಣ್ಣದ ಡಬ್ಬಿ ಇಟ್ಟುಕೊಂಡಿದ್ದೇನೆ. ಡಬ್ಬಿಯೇ ವಾಸಿ, ಹೇಳಿದ ಕಡೆ ಕೂರುತ್ತದೆ. ವಿಹಾರದ ಜಗಲಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ಆರನೇ ಕ್ಲಾಸು ಓದಿದವಳು ನೀನು.

ನನಗೆ ಲಕ್ವ ಹೊಡೆಯಿತು. ಮಳೆಗಾಲದ ವ್ರತ ಮುಗಿದ ಮರುದಿನ ಬೆಳಿಗ್ಗೆ, ಭಿಕ್ಷುಗಳ ಪಾತ್ರೆಗೆ ಅಂಟನ್ನ ಹಾಕಲೆಂದು ದಾರಿ ಬದಿಯಲ್ಲಿ ಮೊಣಕಾಲೂರಿ ಕುಳಿತವಳು ಮತ್ತೆ ಏಳಲಿಲ್ಲ. ಭಿಕ್ಷುಗಳು ಬಂದು ಹೋದರು, ನಾನು ಹಣೆ ನೆಲಕ್ಕಿಟ್ಟು ಹಾಗೇ ಇದ್ದೆ. ಪಕ್ಕದ ಮನೆಯ ಖಾಮ್‌ಸೀ, "ಅಕ್ಕನಿಗೆ ಇವತ್ತು ಭಕ್ತಿ ಜಾಸ್ತಿಯಾಗಿದೆ," ಎಂದಳಂತೆ. ಅಳಿಯ ಬುನ್‌ಮಿ ಬಂದು ನೋಡುವ ಹೊತ್ತಿಗೆ ಎಡಗೈ, ಎಡಗಾಲು ಎರಡೂ ನನ್ನವಾಗಿ ಉಳಿದಿರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡರು. ಬಾಯಿ ಸೊಟ್ಟಗಾಗಿತ್ತು. ಮೊದಲು ಸರಿಹೋದದ್ದು ಅದೇ. ಊರಿನಲ್ಲಿ ಕೆಲವರಿಗೆ ಅದೊಂದು ಬೇಸರ.

ಮನೆಗೆ ಕರೆತಂದು, ಮನೆಯನ್ನು ಹೊತ್ತ ಕಂಬಗಳ ನಡುವೆ, ಕೆಳಗೆ ನೆಲದ ಮೇಲೆ, ಮಗ್ಗದ ಪಕ್ಕದಲ್ಲಿ ಹಾಸಿಗೆ ಹಾಕಿದರು. ಮೆಟ್ಟಿಲು ಹತ್ತಲಾರದವಳಿಗೆ ಇನ್ನೆಲ್ಲಿ ಜಾಗ? ಅವ್ವ ಮೇಲಿದ್ದಾಳೆ. ಅವಳಿಗೆ ತೊಂಬತ್ತೊಂದು, ಎರಡೂ ಕಣ್ಣಿಗೆ ಪೊರೆ ಬಂದು ಬೆಳಕಿಗೂ ನೆರಳಿಗೂ ಇರುವ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾಲ್ಕು ವರ್ಷದಿಂದ ಅವಳು ಕೆಳಗಿಳಿದಿಲ್ಲ. ಇಳಿಸುತ್ತೇವೆ ಎಂದರೆ, ಇನ್ನು ಇಳಿಯುವುದು ಒಂದೇ ಸಲ, ಅದೂ ಕಾಲು ಮುಂದಾಗಿ ಎನ್ನುತ್ತಾಳೆ. ನನ್ನನ್ನು ಬೆನ್ನ ಮೇಲೆ ಹೊತ್ತು ಮೇಲೆ ಬಿಡುತ್ತೇನೆ ಎಂದು ಬುನ್‌ಮಿ ಬಗ್ಗಿದ. ಕೊರಳಲ್ಲಿ ತಾಯಿತ ಹಾಕಿಕೊಂಡ ಅಳಿಯನ ಭುಜಕ್ಕೆ ಅತ್ತೆಯ ಲುಂಗಿಯ ಅಂಚು ತಾಗಬೇಕೇ? ಅವನ ತಾಯಿತದ ಶಕ್ತಿಯೂ ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತುತ್ತೇವೆ ಎಂದರು. ಸಂತೆಗೆ ಒಯ್ಯುವ ಹಂದಿಯನ್ನು ಹಾಗೆ ಎತ್ತುತ್ತಾರೆ, ಬೇಡ ಎಂದೆ.

ಹೀಗೆ ಒಂದೇ ಮನೆಯಲ್ಲಿ ಅವ್ವ ಮೇಲೆ, ನಾನು ಕೆಳಗೆ. ನಡುವೆ ಏಳು ಮೆಟ್ಟಿಲು. ಬೆಳಿಗ್ಗೆ ಅವಳು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುವ ಸದ್ದು ನನ್ನ ತಲೆಯ ನೇರಕ್ಕೇ ಕೇಳುತ್ತದೆ. ಕುಟ್ಟಿ ಮುಗಿಸಿ ನೆಲಕ್ಕೆ ಮೂರು ಸಲ ಬಡಿಯುತ್ತಾಳೆ. ನಾನು ಕೆಳಗಿನಿಂದ ಯಾರನ್ನಾದರೂ ಬೈಯಬೇಕು. ಬೈಗುಳ ಕೇಳಿದರೆ ಮಗಳು ಬದುಕಿದ್ದಾಳೆ ಎಂದು ಅವಳಿಗೆ ಸಮಾಧಾನ. ಬೈಯಲು ಯಾರೂ ಸಿಗದ ದಿನ ಕೋಳಿಯನ್ನು ಬೈಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಿಂದ ಒರಥೈ ಎಂಬ ಹುಡುಗಿ ವಾರಕ್ಕೊಮ್ಮೆ ಬೈಕಿನಲ್ಲಿ ಬರುತ್ತಾಳೆ. ಲಕ್ವ ಹೊಡೆದವರಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ. ನನ್ನ ಮೊಮ್ಮಗಳ ವಯಸ್ಸು, ನನ್ನ ಅಜ್ಜಿಯ ಹಟ. ಬಂದ ಮೊದಲ ದಿನ ಅವಳು ನನ್ನ ಕಾಲನ್ನು ನೋಡಲಿಲ್ಲ, ನನ್ನ ಮಗಳು ರಂಪೈ ನನಗೆ ಮಾಡುತ್ತಿದ್ದ ಸೇವೆ ನೋಡಿದಳು. ಅನ್ನ ಬಾಯಿಗಿಡುವವಳು ರಂಪೈ, ಲೋಟ ಹಿಡಿಯುವವಳು ರಂಪೈ, ತಿರುಗಿ ಮಲಗಿಸುವವಳು ರಂಪೈ. ಒರಥೈ ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮ ಪ್ರೀತಿಯೇ ನಿಮ್ಮಮ್ಮನ ಕಾಲು ಕಟ್ಟಿಹಾಕಿದೆ ಎಂದಳಂತೆ. ರಂಪೈ ಅತ್ತಳು. ಆಮೇಲೆ ಒರಥೈ ನನ್ನ ಹತ್ತಿರ ಬಂದು, ಅಜ್ಜಿ, ನಿಮಗೆ ಏನು ಮಾಡಬೇಕು ಅಂತ ಆಸೆ ಎಂದು ಕೇಳಿದಳು. ಈ ಎರಡು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮೇಲೆ ಹೋಗಬೇಕು ಎಂದೆ. ಹೊಸವರ್ಷದ ನೀರಿನ ಹಬ್ಬದ ದಿನ ಅವ್ವನ ಕೈಗೆ ನೀರು ಹಾಕಿ ವರ್ಷದ ತಪ್ಪು ಒಪ್ಪಿಕೊಳ್ಳಬೇಕು. ಅರುವತ್ತು ವರ್ಷ ಒಂದು ಸಲವೂ ತಪ್ಪಿಸಿಲ್ಲ. ಅವ್ವ ಇತ್ತೀಚೆಗೆ ಊಟ ಅರ್ಧಕ್ಕೆ ಬಿಡುತ್ತಾಳೆ. ಅದರ ಮುಂದಿನ ಹಬ್ಬಕ್ಕೆ ಕೈ ಇರುತ್ತದೋ ಇಲ್ಲವೋ.

ಅವಳು ಬೆರಳು ಮಡಿಸಿ, ನಾಲ್ಕು ತಿಂಗಳಿದೆ, ನಾಳೆಯೇ ಶುರು ಮಾಡೋಣ ಎಂದಳು.

ಕಂಬದಿಂದ ಕಂಬಕ್ಕೆ ಬುನ್‌ಮಿ ಬಿದಿರಿನ ಗಳು ಕಟ್ಟಿದ್ದಾನೆ. ಅದನ್ನು ಹಿಡಿದು ಮಗ್ಗದಿಂದ ಭತ್ತದ ಕಣಜದವರೆಗೆ ಹೋಗಿ ಬರಬೇಕು. ಎಡಗಾಲಿನ ಬೆರಳು ನೆಲಕ್ಕೆ ಉಜ್ಜುತ್ತದೆಂದು ಬೈಕಿನ ಹಳೆಯ ಟ್ಯೂಬು ಕತ್ತರಿಸಿ ಪಾದದಿಂದ ಮೊಣಕಾಲಿಗೆ ಎಳೆದು ಕಟ್ಟಿದ್ದಾರೆ. ಬೋರಲು ಹಾಕಿದ ಒರಳಿನ ಮೇಲೆ ಕೂತು ಕೈ ಊರದೆ ಹತ್ತು ಸಲ ಏಳಬೇಕು. ಬರೀ ಕಾಲಿಗಲ್ಲವಂತೆ, ಎದೆಗೂ ಕೆಲಸ ಕೊಡಬೇಕಂತೆ. ಮಲಗಿ ಮಲಗಿ ಎದೆ ಸೋಮಾರಿಯಾಗಿರುತ್ತದೆ, ಬೆವರು ಬರುವಷ್ಟು ನಡೆದರೆ ಮಾತ್ರ ಅದು ಎಚ್ಚರಾಗುತ್ತದೆ. ವಾರಕ್ಕೆ ಮೂರು ದಿನ, ಪ್ರತಿ ದಿನ ಅರ್ಧ ಗಂಟೆ. ಶುರು ಮಾಡುವ ಮುಂಚೆ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾರೆ, ಏರಿದ್ದರೆ ಆ ದಿನ ರಜ. ಎಷ್ಟು ಜೋರಾಗಿ ನಡೆಯಬೇಕು ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಅಳತೆ ಇದು:

"ಅಜ್ಜಿ, ನಡೀತಾ ನಡೀತಾ ನನ್ನ ಇಡೀ ವಂಶಾನ ಬೈಯೋಕಾದ್ರೆ ಇನ್ನೂ ಜೋರಾಗಿ ನಡೀಬೇಕು. ನನ್ನೊಬ್ಬಳನ್ನ ಮಾತ್ರ ಬೈಯೋಕಾದ್ರೆ ಅದೇ ಸರಿಯಾದ ನಡಿಗೆ. ಬೈಗುಳಾನೇ ಹೊರಡಲ್ಲ ಅಂದ್ರೆ ಕೂತ್ಕೊಂಡುಬಿಡಿ."

ಖಾಮ್‌ಸೀ ಬೇಲಿಯ ಮೇಲಿಂದ ನೋಡಿ, ಮುದುಕಿಯನ್ನು ಎಮ್ಮೆಯ ಹಾಗೆ ಓಡಾಡಿಸುತ್ತಿದ್ದಾರೆ, ಈ ಮಕ್ಕಳಿಗೆ ಪಾಪಭಯವಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ರಂಪೈಗೆ ನಾಚಿಕೆ. ನನಗೆ ಖಾಮ್‌ಸೀಯಿಂದ ಉಪಕಾರವೇ ಆಯಿತು, ಬೈಯಲು ಕೋಳಿ ಸಾಲುತ್ತಿರಲಿಲ್ಲ.

ಅವ್ವನಿಗೆ ಇದನ್ನು ಯಾರೂ ಹೇಳಬಾರದೆಂದು ಎಲ್ಲರ ಬಾಯಿ ಕಟ್ಟಿದ್ದೇನೆ. ಆಗದೇ ಹೋದರೆ ಅವಳು ಸುಮ್ಮನೆ ಕಾಯುವಂತಾಗಬಾರದು. ಲಮ್ದುವನ್‌ಗೆ ಇನ್ನು ಮೆಟ್ಟಿಲಿಲ್ಲ ಎಂದೇ ಅವಳು ತಿಳಿದಿದ್ದಾಳೆ, ಹಾಗೇ ಇರಲಿ.

ಅವ್ವ ನಿನ್ನ ಬಗ್ಗೆ ಕೇಳಿದಳು. ಮೊಣಕಾಲು ನೋವು ಕಡಿಮೆಯಾದರೆ ಮುಂದಿನ ದೋಣಿಗೆ ಬರುತ್ತಾಳಂತೆ ಎಂದು ನೀನು ಬರೆದದ್ದನ್ನೇ ಹೇಳಿದೆ. ನೀನು ಬರುವ ದಿನ ನಿನ್ನ ಮಣಿಕಟ್ಟಿಗೆ ಕಟ್ಟಬೇಕೆಂದು ಅವಳು ಹರಸಿಟ್ಟ ಬಿಳಿ ದಾರ ಈಗಲೂ ಅವಳ ಎಲೆಯಡಿಕೆ ಪೆಟ್ಟಿಗೆಯಲ್ಲಿದೆ. ದಾರ ಹಳದಿಯಾಗಿದೆ ಎಂದು ರಂಪೈ ಹೇಳುತ್ತಾಳೆ.

ನಿನ್ನ ಮನೆಯ ಅಕ್ಕಿ ಬುಟ್ಟಿ ಬರಿದಾಗದಿರಲಿ.

ನಿನ್ನ ಅಕ್ಕ
ಲಮ್ದುವನ್


ಬಾನ್ ನಾಖಾಮ್
೨೫೪೭, ಮಾರ್ಚ್ ೧೧

ತಂಗಿ ವಿಲೈಗೆ,

ಕ್ಷೇಮ. ನೀನು ಕಳಿಸಿದ ಒಣಮೀನು, ಮುಲಾಮು ಎರಡೂ ಸೇರಿದವು. ಬೇಗ ಬರೆಯಬೇಕೆಂದಿದ್ದೆ, ಆದರೆ ಬರೆಯುವಷ್ಟು ಸಮಾಧಾನ ಇರಲಿಲ್ಲ. ಮನೆಯಲ್ಲಿ ಒಂದು ಅಧ್ವಾನವಾಯಿತು.

ಕಣಜದವರೆಗೆ ಹೋಗಿ ಬರುವುದು ಈಗ ದೊಡ್ಡ ಮಾತಲ್ಲ. ಮೊದಲು ಆರು ನಿಮಿಷದಲ್ಲಿ ಎರಡು ಸುತ್ತು ಆಗುತ್ತಿತ್ತು, ಈಗ ಐದು ಸುತ್ತು. ಬಿದಿರಿನ ಗಳು ಬಿಟ್ಟು ಕೋಲು ಹಿಡಿದಿದ್ದೇನೆ. ಕೆರೆಯ ದಾರಿಯಲ್ಲಿ ನಡೆಯುತ್ತಾ ಒರಥೈಯನ್ನೂ ಅವಳ ಆಸ್ಪತ್ರೆಯನ್ನೂ ಅವಳಿಗೆ ಗಂಡು ಕೊಡದ ಊರನ್ನೂ ಒಂದೇ ಉಸಿರಿಗೆ ಬೈದೆ. ಅವಳು ಕೈಗಡಿಯಾರ ನೋಡಿ, ಇನ್ನೂ ಸ್ವಲ್ಪ ಜೋರಾಗಿ ನಡೀಬಹುದು ಅಜ್ಜಿ ಎಂದಳು.

ಇನ್ನು ಮೆಟ್ಟಿಲಿನ ಅಭ್ಯಾಸ ಎಂದಾಯಿತು. ನಮ್ಮ ಮೆಟ್ಟಿಲು ನಿನಗೆ ಗೊತ್ತಲ್ಲ, ಅಪ್ಪ ತನ್ನ ಕಾಲಿನ ಅಳತೆಗೆ ಮಾಡಿದ್ದು. ಮಳೆಗೆ ಮಣ್ಣು ಕೊಚ್ಚಿಹೋಗಿ ಮೊದಲನೆಯದಂತೂ ಮೊಣಕಾಲೆತ್ತರ. ಅದರ ಕೆಳಗೊಂದು ಹಲಗೆ ಹೊಡೆದರೆ ಸುಲಭವಾಗುತ್ತದೆ ಎಂದು ಒರಥೈ ಹೇಳಿ ಹೋದಳು. ಪಟ್ಟಣದ ಹುಡುಗಿ, ಸಿಮೆಂಟಿನ ಮನೆಯಲ್ಲಿ ಬೆಳೆದವಳು. ಅವಳ ಮೇಲೆ ತಪ್ಪು ಹೊರಿಸುವುದಿಲ್ಲ. ಬುನ್‌ಮಿ ಈ ಊರಿನವನು. ಅವನು ಅದೇ ಸಂಜೆ ಒಳ್ಳೆಯ ತೇಗದ ಹಲಗೆ ತಂದು, ಸಂತೋಷದಿಂದ ಶಿಳ್ಳೆ ಹಾಕುತ್ತಾ, ಗಟ್ಟಿಯಾಗಿ ಮೊಳೆ ಹೊಡೆದ. ಮೇಲಿನಿಂದ ಅವ್ವ, ಏನದು ಸದ್ದು ಎಂದಳು. ಗೆದ್ದಲು ಹಿಡಿದಿದೆ ಅಜ್ಜಿ ಎಂದ.

ಮರುದಿನ ನಾನು ಕೋಲು ರಂಪೈ ಕೈಗೆ ಕೊಟ್ಟು ಮೆಟ್ಟಿಲ ಕಂಬ ಹಿಡಿದೆ. ಒಳ್ಳೆಯ ಕಾಲು ಎತ್ತಿ ಹೊಸ ಹಲಗೆಯ ಮೇಲೆ ಇಟ್ಟೆ. ಖಾಮ್‌ಸೀ ಬೇಲಿಯ ಹತ್ತಿರ ನಿಂತಿದ್ದಳು. ಅವಳ ಬೆರಳು ಗಾಳಿಯಲ್ಲಿ ಏನನ್ನೋ ಎಣಿಸುತ್ತಿತ್ತು.

"ಬುನ್‌ಮಿ," ಎಂದಳು, "ಏಳಿದ್ದಿದ್ದು ಈಗ ಎಂಟಾಯ್ತಲ್ಲೋ. ಸರಿಸಂಖ್ಯೆ ಏಣಿ ಹೋಗೋರಿಗೆ ಇಡೋದು ಕಣೋ, ಬರೋರಿಗಲ್ಲ. ಅತ್ತೆನ ಅಷ್ಟು ಬೇಗ ಕಳಿಸ್ಬೇಕಾ?"

ನಾನು ಕಾಲು ಕೆಳಗಿಳಿಸಿದೆ. ಬುನ್‌ಮಿ ಎಣಿಸಿದ, ಮತ್ತೆ ಎಣಿಸಿದ. ಮನೆ ಕಟ್ಟಿದ ದಿನದಿಂದ ಬೆಸ ಮೆಟ್ಟಿಲು ಹತ್ತಿದವರು ನಾವು. ಸತ್ತವರ ಏಣಿಯನ್ನು ಬದುಕಿರುವ ಅತ್ತೆಗೆ ತನ್ನ ಕೈಯಾರೆ ಹೊಡೆದುಕೊಟ್ಟಿದ್ದ. ಅವನ ಮುಖ ಬೂದಿಯಂತಾಯಿತು. ನಾನೇನೂ ಅನ್ನಲಿಲ್ಲ. ಅತ್ತೆ ಬೈದಿದ್ದರೆ ತಡೆಯಬಹುದಿತ್ತು, ಸುಮ್ಮನಿದ್ದದ್ದು ತಡೆಯಲಾಗಲಿಲ್ಲ ಎಂದು ಆಮೇಲೆ ರಂಪೈ ಹತ್ತಿರ ಹೇಳಿದನಂತೆ.

ಹಲಗೆ ಕಿತ್ತುಹಾಕಿ ಎಂದೆ. ಕಿತ್ತರೆ ಮೊದಲಿನ ಎತ್ತರವೇ ಆಯಿತು, ನನ್ನಿಂದ ಆಗದು. ಒಂದು ವಾರ ಹಾಗೇ ಹೋಯಿತು. ಒರಥೈ ಬಂದಾಗ ವಿಷಯ ತಿಳಿದು ನಗಲಿಲ್ಲ, ಅದು ಅವಳ ಒಳ್ಳೆಯತನ. ಎಂಟು ಆಗದಿದ್ದರೆ ಒಂಬತ್ತು ಆಗಬಹುದೇ ಎಂದು ಕೇಳಿದಳು. ಆಗಬಹುದು, ಒಂಬತ್ತು ಏಳಿಗೆಯ ಸಂಖ್ಯೆ ಎಂದು ಖಾಮ್‌ಸೀಯೇ ಹೇಳಿದಳು. ಊರಿನ ಶಕುನವೆಲ್ಲ ಅವಳ ಬೇಲಿಯ ಮೇಲೇ ಒಣಗುತ್ತದೆ.

ಬುನ್‌ಮಿ ಹಳೆಯ ಮೆಟ್ಟಿಲು ಪೂರ್ತಿ ಬಿಚ್ಚಿದ. ಅಪ್ಪನ ಹಲಗೆಗಳನ್ನೇ ಇಟ್ಟುಕೊಂಡು, ಇನ್ನೆರಡು ಸೇರಿಸಿ, ಒಂಬತ್ತನ್ನೂ ಒಂದೇ ಅಳತೆಗೆ ತಗ್ಗಾಗಿ ಕಟ್ಟಿದ. ಎರಡೂ ಕಡೆ ಹಿಡಿಯಲು ಗಳು ಹಾಕಿದ. ಒಂದೊಂದು ಮೆಟ್ಟಿಲು ಒಂದು ಗೇಣಿಗಿಂತ ಹೆಚ್ಚಿಲ್ಲ. ತಪ್ಪು ಮಾಡದೇ ಇದ್ದಿದ್ದರೆ ಇಷ್ಟು ಒಳ್ಳೆಯ ಮೆಟ್ಟಿಲು ಆಗುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಿಲ್ಲ, ನೀನೂ ಬರೆಯಬೇಡ.

ನಿನ್ನೆ ಮೂರು ಹತ್ತಿದೆ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಮೂರನೆಯದರ ಮೇಲೆ ಎಡ ಮೊಣಕಾಲು ನೀರಿನಂತಾಯಿತು, ರಂಪೈ ಹಿಂದಿನಿಂದ ಸೊಂಟದ ಪಟ್ಟಿ ಹಿಡಿದುಕೊಂಡಳು. ಹಬ್ಬಕ್ಕೆ ಇನ್ನು ಒಂದು ತಿಂಗಳು, ಮೆಟ್ಟಿಲು ಇನ್ನು ಆರು. ಅವ್ವ ಮೊನ್ನೆಯಿಂದ ಗಂಜಿ ಮಾತ್ರ ಕುಡಿಯುತ್ತಿದ್ದಾಳೆ. ಕುಟ್ಟಾಣಿಯ ಸದ್ದೂ ಸಣ್ಣದಾಗಿದೆ.

ನೀನು ಈ ಹಬ್ಬಕ್ಕೆ ಬರುತ್ತೀಯಾ ಎಂದು ಅವಳು ಕೇಳಿದಾಗ ಏನು ಹೇಳಬೇಕೆಂದು ಬರೆ.

ಬುದ್ಧ, ಧರ್ಮ, ಸಂಘ ನಿನ್ನನ್ನು ಕಾಯಲಿ.

ನಿನ್ನ ಅಕ್ಕ
ಲಮ್ದುವನ್


ಬಾನ್ ನಾಖಾಮ್
೨೫೪೭, ಏಪ್ರಿಲ್ ೨೨

ತಂಗಿ ವಿಲೈಗೆ,

ಹೊಸವರ್ಷ ನಿನಗೆ ತಂಪಾಗಿರಲಿ. ಈ ಸಲದ ತಡಕ್ಕೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಕೈ ಸರಿಯಾಗಿದೆ, ಕಾಗದವನ್ನು ಈಗ ಎಡಗೈಯೇ ಹಿಡಿದುಕೊಂಡಿದೆ. ಬರೆಯಲು ಕೂತು ಎದ್ದೆ, ಅಷ್ಟೇ. ನಿನ್ನ ಕಾಗದ ಹಬ್ಬದ ಹಿಂದಿನ ದಿನ ಬಂತು. ಮೊಣಕಾಲು ಬಾತಿದೆ, ಮಳೆಗಾಲ ಕಳೆದ ಮೇಲೆ ದೋಣಿ ಹತ್ತುತ್ತೇನೆ ಎಂದು ಬರೆದಿದ್ದೀಯ. ಆಗಲಿ.

ಹದಿಮೂರನೆಯ ತಾರೀಕು ಬೆಳಿಗ್ಗೆ ಹತ್ತಿದೆ.

ಒರಥೈ ರಜೆಯ ದಿನವಾದರೂ ಬಂದಿದ್ದಳು. ರಕ್ತದೊತ್ತಡ ನೋಡಿ ತಲೆಯಾಡಿಸಿದಳು. ರಂಪೈ ಬೆನ್ನ ಹಿಂದೆ. ಬುನ್‌ಮಿ ಕೆಳಗೆ ಮೆಟ್ಟಿಲ ಬುಡ ಹಿಡಿದು ನಿಂತಿದ್ದ, ಅದು ಓಡಿಹೋಗುತ್ತದೆ ಎನ್ನುವಂತೆ. ಖಾಮ್‌ಸೀ ಹೂವಿನ ನೀರಿನ ಬಟ್ಟಲು ಹಿಡಿದು ಬೇಲಿ ದಾಟಿ ಒಳಗೇ ಬಂದಿದ್ದಳು. ಯಾರೂ ಮಾತಾಡಬಾರದೆಂದು ಮೊದಲೇ ಹೇಳಿದ್ದೆ.

ನಾಲ್ಕರವರೆಗೆ ಏನೂ ಅನ್ನಿಸಲಿಲ್ಲ. ಐದನೆಯ ಹಲಗೆಯ ನಡುವೆ ಅಪ್ಪನ ಹಿಮ್ಮಡಿಯ ಸವೆತ ಇದೆ. ಅಲ್ಲಿ ಸ್ವಲ್ಪ ನಿಂತೆ. ಆರಕ್ಕೆ ಬೆವರು ಕಣ್ಣಿಗಿಳಿಯಿತು. ಏಳರ ಮೇಲೆ ಎಡಗಾಲು ನಡುಗಿತು. ರಂಪೈ, "ಸಾಕಮ್ಮಾ, ಇಳಿಯೋಣ," ಎಂದು ಪಿಸುಗುಟ್ಟಿದಳು. ಅವಳನ್ನು ಬೈಯಬೇಕೆಂದುಕೊಂಡೆ, ಬೈಗುಳ ಹೊರಡಲಿಲ್ಲ. ಬೈಗುಳ ಹೊರಡದಿದ್ದರೆ ಕೂರಬೇಕು ಎಂಬುದು ಒರಥೈಯ ಕಟ್ಟಳೆ. ಕೂರಲಿಲ್ಲ. ಎಂಟು, ಒಂಬತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆರು ತಿಂಗಳಾದ ಮೇಲೆ ನನ್ನ ಮನೆಯ ನೆಲ ನನ್ನ ಪಾದದ ಕೆಳಗೆ ಬಂತು, ತಲೆಯ ಮೇಲಿನಿಂದ.

ಅವ್ವ ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣಗಾಗಿದ್ದಾಳೆ. ಹತ್ತಿರ ಸರಿದು ಕುಳಿತು ಅವಳ ಎರಡೂ ಕೈಗೆ ನೀರು ಹಾಕಿದೆ. ಎಡಗೈಯಿಂದಲೇ ಬಟ್ಟಲು ಹಿಡಿದೆ, ಅರ್ಧ ಚಾಪೆಗೆ ಹೋಯಿತು. ಅವಳು ನನ್ನ ಮುಖ ತಡವಿದಳು, ಹರಸಿದಳು, ಪೆಟ್ಟಿಗೆಯಿಂದ ದಾರ ತೆಗೆಸಿ ಮಣಿಕಟ್ಟಿಗೆ ಕಟ್ಟಿದಳು. ಸಂತೋಷಪಟ್ಟಳು. ಆ ದಿನ ಒಂದು ಹಿಡಿ ಅಂಟನ್ನ ತಿಂದಳು.

ಒರಥೈ ಕೆಳಗೆ ಅತ್ತಳಂತೆ. ಡಾಕ್ಟರಾದವರು ಹಾಗೆ ಅಳಬಾರದು ಎಂದು ಬುದ್ಧಿ ಹೇಳಿದೆ. ಇನ್ನು ವಾರಕ್ಕೊಮ್ಮೆ ಬರುವುದಿಲ್ಲ, ತಿಂಗಳಿಗೊಮ್ಮೆ ಬರುತ್ತಾಳಂತೆ. ನಡಿಗೆ ಮಾತ್ರ ಬಿಡಬಾರದಂತೆ, ಬಿಟ್ಟರೆ ಎದೆ ಮತ್ತೆ ಮಲಗುತ್ತದೆ. ಕಾಲು ಇನ್ನೂ ಗಟ್ಟಿಯಾಗುವವರೆಗೆ ರಾತ್ರಿ ಮಲಗುವುದು ಕೆಳಗೇ ಎಂದಿದ್ದಾಳೆ. ಹಾಗೇ ಮಾಡುತ್ತಿದ್ದೇನೆ.

ಬುನ್‌ಮಿ ಮೆಟ್ಟಿಲಿಗೆ ಎಣ್ಣೆ ಬಳಿದಿದ್ದಾನೆ. ರಂಪೈ ಈಗ ನನ್ನ ಲೋಟ ನನಗೇ ಬಿಡುತ್ತಾಳೆ, ಆದರೆ ಕಣ್ಣು ಲೋಟದ ಮೇಲೇ ಇರುತ್ತದೆ. ಖಾಮ್‌ಸೀ ತನ್ನ ಗಂಡನನ್ನೂ ಕೆರೆಯ ಸುತ್ತ ನಡೆಸಲು ಹೊರಟಿದ್ದಾಳೆ, ಅವನಿಗೆ ಏನೂ ಆಗಿಲ್ಲ.

ನಿನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಆಯಸ್ಸು ಹೆಚ್ಚಲಿ. ನಿನ್ನ ಮೊಣಕಾಲು ಬೇಗ ವಾಸಿಯಾಗಲಿ.

ನಿನ್ನ ಅಕ್ಕ
ಲಮ್ದುವನ್

ತಾ.ಕ.: ಅವ್ವ ದಾರ ಕಟ್ಟಿದಳು ಎಂದು ಬರೆದೆ, ಯಾರಿಗೆ ಕಟ್ಟಿದಳು ಎಂದು ಬರೆಯಲಿಲ್ಲ. ಒಂಬತ್ತನೆಯ ಮೆಟ್ಟಿಲಿನ ಮೇಲೆ ನನ್ನಲ್ಲಿ ಉಸಿರಿರಲಿಲ್ಲ. "ಅವ್ವಾ" ಎಂದದ್ದು ಬೇರೆ ಯಾರದೋ ದನಿಯಂತೆ ಮೆತ್ತಗೆ ಬಂತು. ಅವಳು ಕೈ ಚಾಚಿ ನನ್ನ ಮುಖ ಹಿಡಿದು, "ವಿಲೈ, ಕೊನೆಗೂ ಬಂದ್ಯಾ," ಎಂದಳು. ಅವಳು ತಿಳಿದದ್ದರಲ್ಲಿ ತಪ್ಪಿಲ್ಲ. ಲಮ್ದುವನ್ ಮೆಟ್ಟಿಲು ಹತ್ತಲಾರಳು, ಲಮ್ದುವನ್ ಮೆತ್ತಗೆ ಮಾತಾಡುವವಳಲ್ಲ. ಗುಟ್ಟು ಮಾಡಿದವಳೂ ನಾನೇ. ರಂಪೈ ಹೇಳಲು ಬಾಯಿ ತೆರೆದಳು, ನಾನು ಕಣ್ಣು ಕೆಕ್ಕರಿಸಿದೆ, ಬಾಯಿ ಮುಚ್ಚಿಕೊಂಡಳು. ದಾರ ಕಟ್ಟುತ್ತಾ ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ, "ಮೆಲ್ಲಗೆ ಮಾತಾಡು. ಕೆಳಗೆ ನಿನ್ನಕ್ಕ ಇದ್ದಾಳೆ. ಅವಳಿಗೆ ಹತ್ತೋಕಾಗಲ್ಲ. ನೀನು ಬಂದು ನನ್ನ ಕೈಗೆ ನೀರು ಹಾಕಿದ್ದು ಗೊತ್ತಾದ್ರೆ ಒಳಗೊಳಗೇ ಬೇಯ್ತಾಳೆ. ಹೇಳಬೇಡ," ಎಂದಳು. ಹೇಳಲ್ಲ ಅವ್ವಾ ಎಂದೆ.

ಮರುದಿನ ಕುಟ್ಟಾಣಿ ಮೂರು ಸಲ ಬಡಿದಾಗ ನಾನು ಕೆಳಗಿನಿಂದ ಕೂಗಿ, ನಿನ್ನೆ ಹಬ್ಬಕ್ಕೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. "ಯಾರೂ ಬರಲಿಲ್ಲ ಮಗಳೇ," ಎಂದಳು.

ಅಲ್ಲಿಂದೀಚೆಗೆ ಇನ್ನೂ ಮೂರು ಸಲ ಹತ್ತಿದ್ದೇನೆ. ಹತ್ತಿದಾಗ ವಿಲೈ, ಇಳಿದಾಗ ಲಮ್ದುವನ್. ದಾರವನ್ನು ಮೂರು ದಿನ ಕಳೆದ ಮೇಲೆ ಬಿಚ್ಚಬಹುದು, ಇವತ್ತಿಗೆ ಒಂಬತ್ತು ದಿನ. ಬಿಚ್ಚಿಲ್ಲ. ಅದು ನಿನ್ನದು, ಬಂದು ನೀನೇ ಬಿಚ್ಚಿಕೊ. ಮೆಟ್ಟಿಲು ಈಗ ತಗ್ಗಾಗಿವೆ, ನಿನ್ನ ಮೊಣಕಾಲಿಗೂ ಆಗುತ್ತದೆ.